ಭೀಮಗಡದ ಕಾಡುದಾರಿಯ ಅಳತೆ

ಪ್ರಶ್ನೆ: ಕಾಡಿನ ಕಾಲುದಾರಿಯ ದೂರವನ್ನು ಅಳೆಯುವುದು ಹೇಗೆ? ಸುತ್ತುದಾರಿಯನ್ನು ಆರಿಸುವಾಗ ಏನನ್ನು ನೋಡಬೇಕು? (ಬೀಡಿ ಊರಿನ ಓದುಗರು)

ಉತ್ತರ: ಖಾನಾಪುರ ತಾಲ್ಲೂಕಿನಲ್ಲಿ 2011ರಲ್ಲಿ ಘೋಷಿತವಾದ, ಸುಮಾರು 190 ಚದರ ಕಿಲೋಮೀಟರ್ ವಿಸ್ತಾರದ ಭೀಮಗಡ ವನ್ಯಜೀವಿಧಾಮದಂತಹ ದಟ್ಟ ಕಾಡಿನಲ್ಲಿ ನಕ್ಷೆಯ ನೇರ ಗೆರೆಗೂ ನಡೆಯುವ ದೂರಕ್ಕೂ ಬಹಳ ಅಂತರವಿರುತ್ತದೆ. ಈ ಅಂತರಕ್ಕೆ ಏರಿಳಿತವೇ ಕಾರಣವೆಂಬ ಸಾಮಾನ್ಯ ನಂಬಿಕೆ ಅಷ್ಟು ಸರಿಯಲ್ಲ; 100 ಮೀಟರ್ ಸಮತಲ ದೂರದಲ್ಲಿ 20 ಮೀಟರ್ ಏರಿದರೂ ನಡಿಗೆ ಹೆಚ್ಚುವುದು ಕೇವಲ 2 ಮೀಟರ್, ಆದರೆ ದಾರಿಯ ತಿರುವುಗಳು ಅದನ್ನು ಎಷ್ಟೋ ಪಟ್ಟು ಹಿಗ್ಗಿಸುತ್ತವೆ. ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ನಕ್ಷೆಯಲ್ಲಿ, ಅಂದರೆ 2 ಸೆಂಟಿಮೀಟರಿಗೆ 1 ಕಿಲೋಮೀಟರ್ ಇರುವ ಹಾಳೆಯಲ್ಲಿ, ತಿರುವುಗಳ ಮೇಲೆ ದಾರವಿಟ್ಟು ಅಳೆದರೂ ಸಣ್ಣ ಬಳಸುಗಳು ತಪ್ಪಿಹೋಗುತ್ತವೆ. ಉಪಗ್ರಹ ಸಂಕೇತಗಳಿಂದ ಸ್ಥಾನವನ್ನು ಗುರುತಿಸುವ ಜಿಪಿಎಸ್ ಉಪಕರಣವು ಮರಗಳ ದಟ್ಟ ಮೇಲ್ಚಾವಣಿಯ ಕೆಳಗೆ ಅತ್ತಿತ್ತ ಜಿಗಿದು ದೂರವನ್ನು ಹೆಚ್ಚಾಗಿ ತೋರಿಸಬಹುದು. ಬಿಂದುಗಳನ್ನು ವಿರಳವಾಗಿ ದಾಖಲಿಸಿದರೆ ತಿರುವುಗಳನ್ನೇ ಕತ್ತರಿಸಿ ಕಡಿಮೆಯಾಗಿಯೂ ತೋರಿಸಬಹುದು. ನೆಲದ ಮೇಲೆ ಉರುಳಿಸುವ ಅಳತೆಯ ಚಕ್ರವೇ ಹೆಚ್ಚು ನಂಬಿಕೆಗೆ ಅರ್ಹವಾದರೂ ಬೇರು, ಬಂಡೆಗಳ ನಡುವೆ ಅದೂ ಕುಪ್ಪಳಿಸುತ್ತದೆ.

ಸುತ್ತುದಾರಿ ಎಂದರೆ ಹೊರಟಲ್ಲಿಗೇ ಬೇರೆ ಹಾದಿಯಿಂದ ಮರಳುವ ಮಾರ್ಗ. ಇದನ್ನು ಆರಿಸುವಾಗ ದೂರಕ್ಕಿಂತ ಸಮಯವನ್ನು ಲೆಕ್ಕ ಹಾಕುವುದು ಮೇಲು. ಸ್ಕಾಟ್ಲೆಂಡಿನ ನೈಸ್ಮಿತ್ 1892ರಲ್ಲಿ ಸೂಚಿಸಿದ ನಿಯಮವು ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ ಮತ್ತು ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಎನ್ನುತ್ತದೆಯಾದರೂ, ಸಹ್ಯಾದ್ರಿಯ ಜಾರುನೆಲಕ್ಕೆ ಅದು ತೀರಾ ಉದಾರವಾದ ಲೆಕ್ಕ. ಕಡಿದಾದ ಏರು ಹಾಗೂ ಹಳ್ಳ ದಾಟುವ ಜಾಗ ಮೊದಲರ್ಧದಲ್ಲೇ ಬರುವ ದಿಕ್ಕನ್ನು ಹಿಡಿದರೆ, ಮಹದಾಯಿ ನದಿಯ ತೊರೆಗಳು ಉಕ್ಕಿದ್ದರೂ ಬಂದ ದಾರಿಯಲ್ಲೇ ಬೇಗ ಮರಳಬಹುದು. ಅಭಯಾರಣ್ಯದೊಳಗೆ ನಡೆಯಲು ಅರಣ್ಯ ಇಲಾಖೆಯ ಅನುಮತಿ ಬೇಕಾಗುವುದರಿಂದ, ಇಲಾಖೆ ಒಪ್ಪಿದ ಹಾದಿಗಳಷ್ಟೇ ಈ ಆಯ್ಕೆಗೆ ಒಳಪಡುತ್ತವೆ.