ಶೀನ್ ಕಾಯುವ ಊರು

ಶ್ರೀನಗರದಿಂದ ಹೊರಟ ಟ್ಯಾಕ್ಸಿ ತಂಗ್‌ಮಾರ್ಗ್‌ಗೆ ಬಂದು ನಿಲ್ಲುತ್ತದೆ. ಹಿಂದಿನ ರಾತ್ರಿ ಚೆನ್ನಾಗಿ ಹಿಮ ಸುರಿದಿದ್ದರೆ, ಅಲ್ಲಿಂದ ಮೇಲಕ್ಕೆ ಚಕ್ರಕ್ಕೆ ಕಬ್ಬಿಣದ ಸರಪಳಿ ಬಿಗಿದ ಗಾಡಿಗಳಿಗಷ್ಟೇ ದಾರಿ. ಉಳಿದದ್ದು ಸುಮಾರು 13 ಕಿಲೋಮೀಟರ್. ಹಿಮದ ಭಾರಕ್ಕೆ ಬಾಗಿದ ಮರಗಳ ನಡುವೆ ತಿರುವು ಹಾಕುತ್ತಾ ಏರಿದರೆ, ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿ ಬೋಗುಣಿಯಂಥ ಒಂದು ಬಯಲು. ಅದೇ ಗುಲ್ಮಾರ್ಗ್. ಹೆಸರಿಗೆ ಹೂವಿನ ಬಯಲು. ಚಳಿಗಾಲದಲ್ಲಿ ಅದರ ಅನ್ನ ಮಾತ್ರ ಹಿಮ.

ಕಾಶ್ಮೀರಿಯಲ್ಲಿ ಹಿಮವೆಂದರೆ ‘ಶೀನ್’. ವರ್ಷದ ಮೊದಲ ಹಿಮ ಬಿದ್ದಾಗ ‘ಶೀನ್ ಮುಬಾರಕ್’ ಎಂದು ಶುಭ ಕೋರುತ್ತಾರೆ. ನಮ್ಮ ರೈತರು ಆರಿದ್ರೆ, ಮಘೆ, ಹುಬ್ಬೆ ಎಂದು ಮಳೆಗೆ ಹೆಸರಿಟ್ಟಂತೆ ಅವರು ಚಳಿಗೆ ಹೆಸರಿಟ್ಟಿದ್ದಾರೆ. ಡಿಸೆಂಬರ್ 21ರಿಂದ 40 ದಿನ ‘ಚಿಲ್ಲೈ ಕಲಾನ್’, ಎಂದರೆ ದೊಡ್ಡ ಚಳಿ. ಬಳಿಕ 20 ದಿನ ಚಿಕ್ಕ ಚಳಿ, ‘ಚಿಲ್ಲೈ ಖುರ್ದ್’. ಕೊನೆಗೆ 10 ದಿನ ಮರಿ ಚಳಿ, ‘ಚಿಲ್ಲೈ ಬಚ್ಚಾ’. ಲೆಕ್ಕವಿರುವುದು ಮೊದಲ 40 ದಿನದಲ್ಲಿ. ಆಗ ಬಿದ್ದ ಹಿಮ ಗಟ್ಟಿಯಾಗಿ ನಿಲ್ಲುತ್ತದೆ, ಬೇಸಿಗೆಯಲ್ಲಿ ಕರಗಿ ಹಳ್ಳಕೊಳ್ಳಗಳಿಗೆ ನೀರಾಗುತ್ತದೆ. ತಡವಾಗಿ ಬಿದ್ದದ್ದು ಬಿಸಿಲಿಗೆ ಬೇಗ ಇಳಿದುಹೋಗುತ್ತದೆ.

ಈ ಹಿಮ ತರುವುದು ನಮ್ಮ ಮುಂಗಾರಲ್ಲ. ಮೆಡಿಟರೇನಿಯನ್ ಕಡೆಯಿಂದ ಇರಾನ್, ಅಫ್ಘಾನಿಸ್ತಾನ ದಾಟಿ ಬರುವ ‘ವೆಸ್ಟರ್ನ್ ಡಿಸ್ಟರ್ಬೆನ್ಸ್’ ಎಂಬ ಗಾಳಿಯ ಸುಳಿಗಳು ದಾರಿಯಲ್ಲಿ ಅರಬ್ಬಿ ಸಮುದ್ರದ ತೇವವನ್ನೂ ಹೊತ್ತು ಪೀರ್ ಪಂಜಾಲ್ ಪರ್ವತಸಾಲಿಗೆ ಬಂದು ತಾಗುತ್ತವೆ. ಮೇಲೇರಿದ ಗಾಳಿ ತಣಿಯುತ್ತದೆ. ಶ್ರೀನಗರದಲ್ಲಿ ಮಳೆಯಾಗುವ ಮೋಡ ಇಲ್ಲಿ ಹಿಮವಾಗುತ್ತದೆ. ಅಂಥ ಸುಳಿ ಒಂದೆರಡು ತಪ್ಪಿದರೂ ಊರಿಗೇ ಗ್ರಹಣ.

2024ರ ಜನವರಿಯಲ್ಲಿ ಆದದ್ದು ಅದೇ. ಬಿಳಿ ಇರಬೇಕಾದ ಬಯಲು ಕಂದು ಹುಲ್ಲಾಗಿ ಬಿದ್ದಿತ್ತು, ಸ್ಲೆಡ್ಜ್ ಎಳೆಯುವವರು ಕೈಕಟ್ಟಿ ಕೂತಿದ್ದರು. ತಿಂಗಳ ಕೊನೆಗೆ ಹಿಮ ಬಂತು; ಫೆಬ್ರುವರಿಯಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಹೇಗೋ ನಡೆಯಿತು. ಮರುವರ್ಷ ಫೆಬ್ರುವರಿಯಲ್ಲಿ ನಡೆಯಬೇಕಿದ್ದ ಕೂಟವನ್ನು ಹಿಮವಿಲ್ಲವೆಂದೇ ಮುಂದೂಡಿ ಮಾರ್ಚ್‌ನಲ್ಲಿ ಮುಗಿಸಬೇಕಾಯಿತು. ನಾರ್ಡಿಕ್ ಸ್ಕೀಯಿಂಗ್‌ನಲ್ಲಿ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಚಿನ್ನ ಗೆದ್ದದ್ದು ಇದೇ ಗುಲ್ಮಾರ್ಗ್‌ನಲ್ಲಿ. ಮಳೆಯ ನಾಡಿನ ಹುಡುಗಿ ಹಿಮದಲ್ಲಿ ಗೆದ್ದಳೆಂಬುದು ನಮಗೆ ಸ್ವಲ್ಪ ಜಂಬದ ವಿಷಯವೇ.

ಇಲ್ಲಿನ ಕೇಬಲ್ ಕಾರ್ ‘ಗೊಂಡೊಲಾ’ಕ್ಕೆ ಎರಡು ಹಂತ. 1998ರಲ್ಲಿ ಶುರುವಾದ ಮೊದಲನೆಯದು ಕೊಂಗ್ದೂರಿಗೆ ಒಯ್ಯುತ್ತದೆ. 2005ರ ಎರಡನೆಯದು ಅಫರ್ವತ್ ಪರ್ವತದ ಹೆಗಲಿಗೆ, ಸುಮಾರು 3,950 ಮೀಟರ್‌ಗೆ. ಪ್ರವಾಸಿಗಳು ಅಲ್ಲಿ ಫೋಟೊ ತೆಗೆಸಿಕೊಂಡು ಇಳಿಯುತ್ತಾರೆ. ಸ್ಕೀ ಮಾಡುವವರಿಗೆ ನಿಜವಾದ ಗುಲ್ಮಾರ್ಗ್ ಶುರುವಾಗುವುದು ಅಲ್ಲಿಂದ. ಮೊಣಕಾಲುದ್ದದ, ಹಿಟ್ಟಿನಂಥ ಒಣ ಹಿಮ. ಅಪಾಯವೂ ಅದರೊಳಗೇ ಇದೆ. ಹಳೆಯ ಸಡಿಲ ಪದರದ ಮೇಲೆ ಹೊಸ ಹಿಮ ಕೂತು, ಗಾಳಿ ಅದನ್ನು ಇಳಿಜಾರಿಗೆ ತಂದು ಒಟ್ಟಿದರೆ, ಒಬ್ಬನ ಭಾರಕ್ಕೇ ಇಡೀ ಪದರ ಕಿತ್ತು ಜಾರಬಹುದು. 2023ರ ಫೆಬ್ರುವರಿಯಲ್ಲಿ ಪೋಲೆಂಡಿನ ಇಬ್ಬರು, ಮರುವರ್ಷ ಅದೇ ತಿಂಗಳಲ್ಲಿ ರಷ್ಯಾದ ಒಬ್ಬರು ಇಲ್ಲಿ ಹಿಮಕುಸಿತಕ್ಕೆ ಸಿಲುಕಿ ಸತ್ತರು. ಭಾರೀ ಹಿಮ ಬಿದ್ದ ಮರುದಿನ ಎರಡನೇ ಹಂತ ಮುಚ್ಚಿದ್ದರೆ ಗೊಣಗಬೇಡಿ.

ಹೋಗುವವರು ಜನವರಿ ನಡುವಿನಿಂದ ಫೆಬ್ರುವರಿ ಕೊನೆಯೊಳಗೆ ಹೋಗಿ. ಗೊಂಡೊಲಾ ಟಿಕೆಟ್ಟನ್ನು ಆನ್‌ಲೈನಿನಲ್ಲಿ ಮೊದಲೇ ತೆಗೆದುಕೊಳ್ಳಿ. ವಾಪಸ್ ವಿಮಾನಕ್ಕೆ ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ನೀವು ಬೇಡಿಕೊಂಡ ಶೀನ್ ಬಂದರೆ, ಶ್ರೀನಗರದ ವಿಮಾನಗಳನ್ನು ಮೊದಲು ನಿಲ್ಲಿಸುವುದೂ ಅದೇ.