ಖಜಾನೆಯ ಕೀಲಿ ಯಾರ ಕೈಲಿ?

1642ರ ಜನವರಿ 4. ಇಂಗ್ಲೆಂಡಿನ ರಾಜ ಒಂದನೇ ಚಾರ್ಲ್ಸ್ ಹೌಸ್ ಆಫ್ ಕಾಮನ್ಸ್ ಒಳಗೆ ನುಗ್ಗಿಯೇಬಿಟ್ಟ. ಬಾಗಿಲಾಚೆ ಶಸ್ತ್ರ ಹಿಡಿದ ಸೈನಿಕರು. ತನಗೆ ತಿರುಗಿಬಿದ್ದ ಐವರು ಸದಸ್ಯರನ್ನು ಹಿಡಿದೊಯ್ಯುವುದು ಅವನ ಉದ್ದೇಶ. ಆದರೆ ಮೊದಲೇ ಸುಳಿವು ಸಿಕ್ಕಿದ್ದ ಐವರೂ ಥೇಮ್ಸ್ ನದಿಯಲ್ಲಿ ದೋಣಿ ಹತ್ತಿ ಪರಾರಿ!

ಎಲ್ಲಿ ಅವರು ಅಂತ ರಾಜ ಸ್ಪೀಕರ್ ವಿಲಿಯಂ ಲೆಂಥಾಲ್‌ನನ್ನು ಕೇಳಿದ. ಲೆಂಥಾಲ್ ಮಂಡಿಯೂರಿದ, ಗುಟ್ಟು ಮಾತ್ರ ಬಿಡಲಿಲ್ಲ. ಸದನದ ಅಪ್ಪಣೆ ಇಲ್ಲದೆ ತನಗಿಲ್ಲಿ ಕಣ್ಣೂ ಇಲ್ಲ, ನಾಲಿಗೆಯೂ ಇಲ್ಲ ಅಂದುಬಿಟ್ಟ. ರಾಜ ಬರಿಗೈಲಿ ವಾಪಸ್.

ಜಗಳ ಶುರುವಾಗಿದ್ದೇ ದುಡ್ಡಿಗೆ

ಪ್ರಮುಖರ ಒಪ್ಪಿಗೆ ಇಲ್ಲದೆ ರಾಜ ಕೆಲವು ತೆರಿಗೆ ಹಾಕುವಂತಿಲ್ಲ ಅಂತ 1215ರ ಮ್ಯಾಗ್ನಾ ಕಾರ್ಟಾದಲ್ಲೇ ಬರೆದಿತ್ತು. ಚಾರ್ಲ್ಸ್‌ಗೆ ಈ ಕೇಳುವ ಕೆಲಸವೇ ಬೇಡವಾಗಿತ್ತು. 1629ರಲ್ಲಿ ಪಾರ್ಲಿಮೆಂಟನ್ನು ವಿಸರ್ಜಿಸಿ, 11 ವರ್ಷ ಅದನ್ನು ಕರೆಯಲೇ ಇಲ್ಲ.

ಹಾಗಾದ್ರೆ ಖರ್ಚಿಗೆ? ಯುದ್ಧದ ಭಯವಿದ್ದಾಗ ಕರಾವಳಿಯ ಊರುಗಳಿಂದ ಪಡೆಯುತ್ತಿದ್ದ 'ಹಡಗು ಹಣ'ವನ್ನು ಒಳನಾಡಿಗೂ ಹಾಕಿದ. ಸಮುದ್ರವೇ ಇಲ್ಲದ ಬಕಿಂಗ್‌ಹ್ಯಾಮ್‌ಶೈರ್‌ನ ಜಮೀನುದಾರ ಜಾನ್ ಹ್ಯಾಂಪ್ಡನ್ ಕೊಡಲ್ಲ ಅಂದ. ಕೇಸ್ ಆಗಿದ್ದು ಬರೀ 20 ಶಿಲಿಂಗ್‌ಗೆ. ಅವನಿಗೆ ಅದೇನು ದೊಡ್ಡ ಮೊತ್ತವಲ್ಲ. ಕೇಳದೆ ಕಿತ್ತುಕೊಳ್ಳುವ ಹಕ್ಕು ರಾಜನಿಗಿದೆಯಾ ಅನ್ನೋದೇ ಪ್ರಶ್ನೆ. 1638ರಲ್ಲಿ 12 ನ್ಯಾಯಾಧೀಶರಲ್ಲಿ 7 ಮಂದಿ ರಾಜನ ಪರ ನಿಂತರು, 5 ಮಂದಿ ವಿರುದ್ಧ. ಹ್ಯಾಂಪ್ಡನ್ ಸೋತರೂ ಜನರ ಕಣ್ಣಲ್ಲಿ ಹೀರೋ ಆದ. ಮುಂದೆ ರಾಜ ಹಿಡಿಯಲು ಬಂದ ಆ ಐವರಲ್ಲಿ ಅವನೂ ಒಬ್ಬ.

ಅಷ್ಟರಲ್ಲಿ ಸ್ಕಾಟ್ಲೆಂಡ್ ದಂಗೆ ಎದ್ದಿತು. ಸೈನ್ಯಕ್ಕೆ ದುಡ್ಡಿಲ್ಲ. 1640ರಲ್ಲಿ ಚಾರ್ಲ್ಸ್ ಮತ್ತೆ ಪಾರ್ಲಿಮೆಂಟ್ ಕರೆಯಲೇಬೇಕಾಯ್ತು. ಹನ್ನೊಂದು ವರ್ಷದ ಸಿಟ್ಟು ಒಟ್ಟಿಗೇ ಹೊರಬಿತ್ತು. 1642ರಲ್ಲಿ ಅಂತರ್ಯುದ್ಧ. 1649ರ ಜನವರಿ 30ರಂದು ರಾಜನ ಶಿರಚ್ಛೇದ.

ಕತ್ತಿ ತೀರಿಸದ ವ್ಯಾಜ್ಯ

ರಾಜ ಹೋದ, ಸಮಸ್ಯೆ ಹೋಗಲಿಲ್ಲ. ಪಾರ್ಲಿಮೆಂಟ್ ಪರ ಹೋರಾಡಿದ್ದ ಆಲಿವರ್ ಕ್ರಾಮ್ವೆಲ್ಲೇ 1653ರಲ್ಲಿ ಸೈನಿಕರನ್ನು ಕರೆಸಿ ಸದಸ್ಯರನ್ನು ಹೊರಗಟ್ಟಿದ! 1660ರಲ್ಲಿ ರಾಜಮನೆತನ ವಾಪಸ್ ಬಂತು. ಕೊನೆಗೆ ಎರಡನೇ ಜೇಮ್ಸ್ ದೇಶ ಬಿಟ್ಟು ಓಡಿದ ಮೇಲೆ, 1689ರ ಹಕ್ಕುಗಳ ಮಸೂದೆ ಗೆರೆ ಎಳೆಯಿತು: ಪಾರ್ಲಿಮೆಂಟ್ ಒಪ್ಪದೆ ತೆರಿಗೆ ಇಲ್ಲ, ಶಾಂತಿಕಾಲದಲ್ಲಿ ಸೈನ್ಯ ಇಡುವಂತೆಯೂ ಇಲ್ಲ. ಹಾಗಂತ ಅದು ಎಲ್ಲರ ಪಾರ್ಲಿಮೆಂಟ್ ಆಗಿರಲಿಲ್ಲ. ಬಡವರಿಗೆ, ಹೆಂಗಸರಿಗೆ ಓಟು ಸಿಗಲು ಇನ್ನೂ ಶತಮಾನಗಳೇ ಬೇಕಾದವು.

1642ರ ನಂತರ ಕಲಾಪ ನಡೆಯುತ್ತಿರುವಾಗ ಯಾವ ದೊರೆಯೂ ಕಾಮನ್ಸ್ ಒಳಗೆ ಕಾಲಿಟ್ಟಿಲ್ಲ. ಇಂದಿಗೂ ಅಧಿವೇಶನದ ಆರಂಭದಲ್ಲಿ ದೊರೆಯ ದೂತ ಕರೆಯಲು ಬಂದರೆ, ಮುಖದ ಮೇಲೆ ಬಾಗಿಲು ಹಾಕುತ್ತಾರೆ. ಮೂರು ಸಲ ತಟ್ಟಿದ ಮೇಲೇ ತೆರೆಯೋದು.

ನಮ್ಮ ಸಂವಿಧಾನದ 265ನೇ ವಿಧಿ ಹೇಳೋದೂ ಇದನ್ನೇ: ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ, ವಸೂಲಿ ಮಾಡುವಂತಿಲ್ಲ. ಸ್ಯಾಲರಿ ಸ್ಲಿಪ್‌ನಲ್ಲಿ ಟಿಡಿಎಸ್ ನೋಡಿ ನಿಟ್ಟುಸಿರು ಬಿಡೋದು ಇದ್ದಿದ್ದೇ. ಆದರೆ ಅದಕ್ಕೆ ಒಪ್ಪಿಗೆ ಕೊಟ್ಟ ಸಂಸದರನ್ನು ಕೇಳುವ ಹಕ್ಕು ನಿಮಗಿದೆ. ಹ್ಯಾಂಪ್ಡನ್ ಆ 20 ಶಿಲಿಂಗ್‌ಗೆ ಜಗಳ ಆಡಿದ್ದು ಇಂಥ ಹಕ್ಕಿಗೇ.