ತೋರಣಕ್ಕೊಂದು ಕೊಕ್ಕೆ, ಸೊಳ್ಳೆಗೊಂದು ಜಾಲರಿ

ಮಕ್ಕಳೇ, ನಿಮ್ಮ ಮನೆಯ ಮುಂಬಾಗಿಲಿಗೆ ಸೊಳ್ಳೆ ಜಾಲರಿ ಇದೆಯೇ? ಇದ್ದರೆ ಸ್ಕೇಲು ತೆಗೆದುಕೊಂಡು ಹೋಗಿ, ಒಂದು ಅಂಗುಲದಲ್ಲಿ ಎಷ್ಟು ಕಂಡಿಗಳಿವೆ ಎಂದು ಎಣಿಸಿ. ಸಾಮಾನ್ಯವಾಗಿ ಸಿಗುವ ಜಾಲರಿಯಲ್ಲಿ ಒಂದು ದಿಕ್ಕಿಗೆ 18, ಇನ್ನೊಂದು ದಿಕ್ಕಿಗೆ 16 ಇರುತ್ತವೆ. ಗುಣಿಸಿ ನೋಡಿ, ಒಂದು ಚದರ ಅಂಗುಲಕ್ಕೆ 288 ಕಂಡಿ! ಒಂದೊಂದರ ಅಗಲ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಗಾಳಿ ಧಾರಾಳವಾಗಿ ಬರುತ್ತದೆ, ಸೊಳ್ಳೆ ಹೊರಗೇ ಉಳಿಯುತ್ತದೆ.

ಮೈಸೂರಿನ ನಮ್ಮ ಮನೆಗೆ ಜಾಲರಿ ಬಂದದ್ದು ಹೋದ ವರ್ಷದ ಮಳೆಗಾಲದ ಕೊನೆಗೆ. ಐದನೆಯ ತರಗತಿಯಲ್ಲಿರುವ ಮೊಮ್ಮಗಳು ಪುಟ್ಟಿ ಡೆಂಗಿ ಜ್ವರದಿಂದ ಐದು ದಿನ ಆಸ್ಪತ್ರೆಯಲ್ಲಿ ಮಲಗಿದ್ದಳು. ದಿನಾ ಬೆಳಿಗ್ಗೆ ರಕ್ತ ತೆಗೆದು ಪ್ಲೇಟ್‌ಲೆಟ್ ಎಣಿಸುತ್ತಿದ್ದರು. ಆ ಸಂಖ್ಯೆ ಗೊತ್ತಾಗುವವರೆಗೆ ಮನೆಯಲ್ಲಿ ಯಾರ ಗಂಟಲಲ್ಲೂ ಕಾಫಿ ಇಳಿಯುತ್ತಿರಲಿಲ್ಲ. ಅವಳು ಗುಣವಾಗಿ ಮನೆಗೆ ಬಂದ ವಾರದಲ್ಲೇ ನನ್ನ ಮಗ ಜಾಲರಿ ಹಾಕುವವರನ್ನು ಕರೆಸಿದ.

ಬಾಗಿಲ ಜಾಲರಿಯಲ್ಲಿ ಹಲವು ಬಗೆ. ಹಳೆಯದು ಮರದ ಚೌಕಟ್ಟಿಗೆ ಜಾಲರಿ ಬಡಿದು, ಸ್ಪ್ರಿಂಗ್ ಹಾಕಿ ನಿಲ್ಲಿಸಿದ ಎರಡನೆಯ ಬಾಗಿಲು. ಬಿಟ್ಟರೆ ‘ಫಟ್’ ಎಂದು ತಾನೇ ಮುಚ್ಚಿಕೊಳ್ಳುತ್ತದೆ. ಈಗಿನದು ಸರಿದು ಮರೆಯಾಗುವ ಜಾಲರಿ. ಕೆಲವು ಅಂಗಡಿಯ ರೋಲಿಂಗ್ ಶಟರಿನಂತೆ ಸುರುಳಿ ಸುತ್ತಿಕೊಳ್ಳುತ್ತವೆ, ಕೊಳವೆಯೊಳಗಿನ ಸ್ಪ್ರಿಂಗ್ ಅದನ್ನು ಎಳೆದುಕೊಳ್ಳುತ್ತದೆ. ನಮ್ಮ ಮನೆಗೆ ಬಂದದ್ದು ನೆರಿಗೆಯ ಜಾಲರಿ. ಅಜ್ಜಿಯ ಸೀರೆಯ ನೆರಿಗೆಯ ಹಾಗೆಯೇ ಮಡಿಕೆ ಮಡಿಕೆಯಾಗಿ ಒಂದು ಪಕ್ಕಕ್ಕೆ ಕೂಡಿಕೊಳ್ಳುತ್ತದೆ. ನೆರಿಗೆಗಳ ನಡುವೆ ತೆಳುವಾದ ದಾರಗಳು ಅಡ್ಡಲಾಗಿ ಹಾದುಹೋಗಿವೆ. ಜಾಲರಿ ಜೋಲದೆ ನೆಟ್ಟಗೆ ನಿಲ್ಲುವುದು ಆ ದಾರಗಳ ಬಿಗಿಯಿಂದ. ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುವುದು ಇದರ ಗುಣ.

ನನ್ನನ್ನು ಕೇಳಿದರೆ ದೋಷವೂ ಅದೇ. ಸ್ಪ್ರಿಂಗ್ ಬಾಗಿಲು ನೀವು ಮರೆತರೂ ಮುಚ್ಚಿಕೊಳ್ಳುತ್ತದೆ. ಇದು ಅರ್ಧ ತೆರೆದಲ್ಲಿ ಅರ್ಧವೇ ನಿಂತಿರುತ್ತದೆ, ಪಕ್ಕಕ್ಕೆ ಸರಿಸಿದರೆ ಕಣ್ಣಿಗೂ ಬೀಳುವುದಿಲ್ಲ. ಚೆಂದ ಕಾಣುತ್ತದೆ ಎಂದು ಕೊಂಡವರು ಇಡೀ ದಿನ ಸರಿಸಿಯೇ ಇಟ್ಟ ಮನೆಗಳನ್ನು ನಮ್ಮ ಬೀದಿಯಲ್ಲೇ ತೋರಿಸಬಲ್ಲೆ.

ಜಾಲರಿಯಿಂದ ನಿಜಕ್ಕೂ ರೋಗ ತಡೆಯಬಹುದೇ ಎಂದು ಪರೀಕ್ಷಿಸಿದ ಒಂದು ಸೊಗಸಾದ ಕಥೆಯಿದೆ. ಇಟಲಿಯಲ್ಲಿ ರೋಮ್ ನಗರದ ಬಳಿ ಓಸ್ಟಿಯಾ ಎಂಬ ಜೌಗು ಪ್ರದೇಶ ಮಲೇರಿಯಾಕ್ಕೆ ಕುಪ್ರಸಿದ್ಧವಾಗಿತ್ತು. ಕೆಟ್ಟ ಗಾಳಿಯಿಂದ ಈ ಜ್ವರ ಬರುತ್ತದೆ ಎಂಬ ನಂಬಿಕೆ ಹಳೆಯದು. ‘ಮಲೇರಿಯಾ’ ಎಂಬ ಇಟಲಿಯ ಮಾತಿನ ಅರ್ಥವೇ ಕೆಟ್ಟ ಗಾಳಿ. 1900ರ ಬೇಸಗೆಯಲ್ಲಿ ಲಂಡನ್ನಿನಿಂದ ಬಂದ ಸ್ಯಾಂಬನ್ ಮತ್ತು ಲೋ ಎಂಬ ವೈದ್ಯರು ಅಲ್ಲೊಂದು ಮರದ ಗುಡಿಸಲು ಹಾಕಿಸಿ, ಕಿಟಕಿ ಬಾಗಿಲುಗಳಿಗೆಲ್ಲ ತಂತಿ ಜಾಲರಿ ಕಟ್ಟಿಸಿದರು. ಹಗಲು ಊರೆಲ್ಲ ತಿರುಗಿದರು. ಸೂರ್ಯ ಮುಳುಗುವ ಮುಂಚೆ ಒಳಗೆ, ಸೂರ್ಯ ಹುಟ್ಟಿದ ಮೇಲೆಯೇ ಹೊರಗೆ. ರಾತ್ರಿಯ ‘ಕೆಟ್ಟ ಗಾಳಿ’ಯನ್ನು ಜಾಲರಿಯ ಮೂಲಕ ಧಾರಾಳವಾಗಿ ಕುಡಿದರು! ಜ್ವರ ತಡೆಯುವ ಕ್ವಿನೈನ್ ಗುಳಿಗೆಯನ್ನು ಮುಟ್ಟಲಿಲ್ಲ. ಅಕ್ಟೋಬರ್‌ವರೆಗೂ ಆ ಗುಡಿಸಲಿನಲ್ಲಿದ್ದ ಯಾರಿಗೂ ಮಲೇರಿಯಾ ಬರಲಿಲ್ಲ.

ಆದರೆ ಅವರ ಹೊತ್ತಿನ ಲೆಕ್ಕ ನಮಗೆ ಸಾಲದು. ಮಲೇರಿಯಾ ಹರಡುವ ಅನಾಫಿಲಿಸ್ ಕಚ್ಚುವುದು ರಾತ್ರಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲಿನದು. ಅದರ ಕಪ್ಪು ಕಾಲುಗಳ ಮೇಲೆ ಬಿಳಿ ಪಟ್ಟೆಗಳಿರುತ್ತವೆ. ಬೆಳಿಗ್ಗೆ ಬಿಸಿಲೇರುವ ಹೊತ್ತು, ಸಂಜೆ ಸೂರ್ಯ ಇಳಿಯುವ ಮುಂಚಿನ ಹೊತ್ತು ಅದಕ್ಕೆ ಬಲು ಇಷ್ಟ. ನೀವು ಶಾಲೆಗೆ ಹೊರಡುವ, ಶಾಲೆಯಿಂದ ಬರುವ ಹೊತ್ತು! ದೀಪ ಹಚ್ಚುವ ವೇಳೆಗೆ ಬಾಗಿಲು ಹಾಕುವ ರೂಢಿ ನಮ್ಮ ಅಜ್ಜಿಯಂದಿರದು, ಒಳ್ಳೆಯದೇ. ಡೆಂಗಿಗೆ ಮಾತ್ರ ಜಾಲರಿ ಬೆಳಗಿನಿಂದಲೇ ಎಳೆದಿರಬೇಕು. ನಮ್ಮಲ್ಲಿ ಅದರ ಕಾವಲುಗಾರ್ತಿ ಪುಟ್ಟಿ. ಹಾಲಿನವರು ಬಂದು ಹೋದರೂ ‘ತಾತ, ಜಾಲರಿ!’ ಎಂದು ಒಳಗಿನಿಂದಲೇ ಕೂಗುತ್ತಾಳೆ.

ಜಾಲರಿಯ ಕಥೆ ಹೀಗಾದರೆ, ಅಜ್ಜಿಯದು ಬೇರೆಯೇ ಚಿಂತೆ. ಜಾಲರಿಯ ಅಲ್ಯೂಮಿನಿಯಂ ಪಟ್ಟಿ ಕೂರಿಸಲು ಬಾಗಿಲ ಚೌಕಟ್ಟಿನ ಮೊಳೆಗಳನ್ನೆಲ್ಲ ಕಿತ್ತಿದ್ದರು. ‘ಹಬ್ಬಕ್ಕೆ ತೋರಣ ಎಲ್ಲಿ ಕಟ್ಟೋದು?’ ಪ್ರಶ್ನೆ ಸಣ್ಣದಲ್ಲ. ಚೌಕಟ್ಟಿನಿಂದಲೇ ಇಳಿಬಿಟ್ಟರೆ ಮಾವಿನೆಲೆ ನೆರಿಗೆಗೆ ಸಿಕ್ಕಿಕೊಳ್ಳುತ್ತದೆ, ಒಣಗಿದ ಎಲೆಯ ಪುಡಿ ಕೆಳಗಿನ ಹಳಿಗೆ ಬಿದ್ದು ಜಾಲರಿ ತೊಡರುತ್ತದೆ. ಕೊನೆಗೆ ಉಳಿದದ್ದು ಗೋಡೆ.

ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತು ವರ್ಷ ಕಟ್ಟಡದ ಕೆಲಸ ನೋಡಿಕೊಂಡವನು ನಾನು. ಗೋಡೆಯ ವಿಷಯ ಬಂದರೆ ನನ್ನನ್ನು ತಡೆಯುವವರಿಲ್ಲ. ಗಾರೆ ಎಂದರೆ ಗೋಡೆ ತೊಟ್ಟ ಅಂಗಿ. ಒಳಗೋಡೆಗೆ ಸುಮಾರು 12 ಮಿಲಿಮೀಟರ್ ದಪ್ಪ, ಹೊರಗೋಡೆಗೆ ಇನ್ನೂ ಕೊಂಚ ಹೆಚ್ಚು. ಭಾರ ಹೊರುವುದು ಅದರ ಹಿಂದಿನ ಇಟ್ಟಿಗೆ. ಗಿಡ್ಡ ಮೊಳೆ ಹೊಡೆದು ಕುಂಡ ತೂಗುಹಾಕಿದರೆ ಅಂಗಿಯ ಗುಂಡಿಗೆ ಕೊಡ ಕಟ್ಟಿದಂತೆ. ಮೊಳೆಯ ಜೊತೆ ಅಂಗೈಯಗಲ ಗಾರೆಯೂ ಉದುರುತ್ತದೆ. ನಮ್ಮ ಹೊರಗೋಡೆಯಂತೆ ಒರಟಾದ ಗಾರೆಗೆ ಅಂಟಿನ ಕೊಕ್ಕೆಯೂ ನಿಲ್ಲದು. ಅಂಟು ಹಿಡಿಯುವುದು ಮರಳ ಕಣಗಳ ತುದಿಯನ್ನು ಮಾತ್ರ, ನಡುವೆಲ್ಲ ಬರಿಯ ಗಾಳಿ. ನುಣುಪಾದ ಟೈಲ್ಸಿನ ಮೇಲೆ ಅದೇ ಕೊಕ್ಕೆ ಗಟ್ಟಿಯಾಗಿ ಕೂರುತ್ತದೆ.

ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ ಕೇಳಿ. ‘ಠಕ್ ಠಕ್’ ಎಂದರೆ ಗಾರೆ ಇಟ್ಟಿಗೆಗೆ ಅಂಟಿದೆ. ‘ದಬ ದಬ’ ಎಂದರೆ ಒಳಗೆ ಬಿಟ್ಟುಕೊಂಡಿದೆ, ಅಲ್ಲಿ ಕೈಯಾಡಿಸಬೇಡಿ. ಬಾಗಿಲ ಮೇಲೇ ಕೊರೆಯಲು ಹೋದರೆ ಕಾಂಕ್ರೀಟಿನ ಲಿಂಟಲ್ ಅಡ್ಡ ಬರುತ್ತದೆ. ಅದನ್ನು ದಾಟಿ ಇನ್ನೂ ಮೇಲಕ್ಕೆ ಹೋದರೆ ಇಟ್ಟಿಗೆ ಸಿಗುತ್ತದೆ. ಸ್ವಿಚ್ಚಿನ ನೇರಕ್ಕೆ ಮೇಲಾಗಲಿ ಕೆಳಗಾಗಲಿ ಕೊರೆಯಲೇಬಾರದು, ವೈರು ಹೋಗುವುದು ಅಲ್ಲೇ. ಡ್ರಿಲ್ಲಿಂಗ್ ಮಷೀನು ದೊಡ್ಡವರ ಕೈಯಲ್ಲೇ ಇರಲಿ. ಗಾರೆ ದಾಟಿ ಇಟ್ಟಿಗೆಯೊಳಕ್ಕೆ ಹೋಗುವಷ್ಟು ಉದ್ದದ ಪ್ಲಾಸ್ಟಿಕ್ ಪ್ಲಗ್, ಅದರೊಳಗೆ ತಿರುಪಿನ ಕೊಕ್ಕೆ. ಅಂಥ ಎರಡು ಕೊಕ್ಕೆಗಳ ನಡುವೆ ಒಂದು ದಾರ ಬಿಗಿದೆವು. ಯುಗಾದಿಗೆ ಮಾವಿನ ತೋರಣ ಅದಕ್ಕೇ ಏರಿತು, ದೀಪಾವಳಿಗೆ ಆಕಾಶಬುಟ್ಟಿಯೂ ಏರಲಿದೆ.

ಅಜ್ಜ ಅಜ್ಜಿಯರ ಹಳೆಯ ಮನೆ ಸುಣ್ಣದ ಗಾರೆಯದಾದರೆ ಸುತ್ತಿಗೆಯನ್ನೇ ಎತ್ತಬೇಡಿ. ಸುಣ್ಣ, ಮರಳಿನ ಜೊತೆ ಬೆಲ್ಲದ ನೀರು, ಅಳಲೆಕಾಯಿ ನೀರು ಬೆರೆಸಿ ಅರೆದು ಬಳಿದ ಗೋಡೆಗಳಿವೆ. ಅಂಥ ಮನೆಗಳಲ್ಲಿ ಗೋಡೆ ಏಳುವಾಗಲೇ ಮರದ ಗೂಟಗಳನ್ನು ಕೂರಿಸಿರುತ್ತಿದ್ದರು. ಹುಡುಕಿ ನೋಡಿ, ಎಲ್ಲೋ ಒಂದು ಗೂಟ ಕ್ಯಾಲೆಂಡರಿನ ಹಿಂದೆ ಅಡಗಿರುತ್ತದೆ.

ಬಾಗಿಲ ಪಕ್ಕ ತೂಗುವ ವಸ್ತುಗಳಲ್ಲಿ ನಾನು ಅನುಮಾನದಿಂದ ನೋಡುವುದು ಒಂದನ್ನು: ನೀರು ನಿಲ್ಲುವ ತೂಗುಕುಂಡ, ಮನಿಪ್ಲಾಂಟ್ ಬಾಟಲಿ. ಇಲ್ಲಿ ನಮ್ಮ ಬೆಂಗಳೂರಿನ ಕಥೆಯೊಂದು ನೆನಪಾಗುತ್ತದೆ. ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಪತ್ತೆಹಚ್ಚಿ, 1902ರಲ್ಲಿ ನೊಬೆಲ್ ಬಹುಮಾನ ಪಡೆದ ರೊನಾಲ್ಡ್ ರಾಸ್, 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದರು. ಅವರ ಬಂಗಲೆಯಲ್ಲಿ ವಿಪರೀತ ಸೊಳ್ಳೆ. ನೋಡಿದರೆ ಕಿಟಕಿಯ ಹೊರಗೇ ಒಂದು ನೀರಿನ ತೊಟ್ಟಿ, ಅದರ ತುಂಬ ಮರಿಹುಳು! ತೊಟ್ಟಿ ಬೋರಲು ಹಾಕಿದರು, ಸೊಳ್ಳೆ ತಗ್ಗಿತು. ಜೊತೆಯ ಅಧಿಕಾರಿಗೆ ಇದನ್ನು ಹೇಳಿದರೆ ಆತ ಒಪ್ಪಲೇ ಇಲ್ಲ. ಸೊಳ್ಳೆಯನ್ನೂ ಯಾವುದೋ ಉದ್ದೇಶಕ್ಕೆ ಸೃಷ್ಟಿಸಲಾಗಿದೆ, ಸಹಿಸಿಕೊಳ್ಳಬೇಕು ಎಂದನಂತೆ!

ಈಗ ಹಾಗೆನ್ನುವಂತಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯುವಂತೆ ನೀರು ನಿಲ್ಲಿಸಿದವರಿಗೆ ದಂಡ ಹಾಕುವ ನಿಯಮ ತಂದಿತು. ಮೊಟ್ಟೆ ರೆಕ್ಕೆಯ ಸೊಳ್ಳೆಯಾಗಲು ಎಂಟು–ಹತ್ತು ದಿನ ಸಾಕು, ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಬೇಕು. ಬರಿದೇ ಚೆಲ್ಲಿದರೆ ಆಗದು. ಈಡಿಸ್ ತನ್ನ ಮೊಟ್ಟೆಗಳನ್ನು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಒಳಮೈಗೆ ಅಂಟಿಸುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು, ನೀರು ಮುಟ್ಟಿದೊಡನೆ ಒಡೆಯುತ್ತವೆ. ಉಜ್ಜಿಯೇ ತೆಗೆಯಬೇಕು. ಪುಟ್ಟಿ ಅದಕ್ಕೆಂದೇ ಹಳೆಯ ಟೂತ್‌ಬ್ರಷ್ ಒಂದನ್ನು ಇಟ್ಟುಕೊಂಡಿದ್ದಾಳೆ. ಭಾನುವಾರ ಬೆಳಿಗ್ಗೆ ತಟ್ಟೆ, ಬಾಟಲಿ ಎಲ್ಲಕ್ಕೂ ಸ್ನಾನ. ತೂಗುಕುಂಡದ ಕೊಕ್ಕೆ ಮಾತ್ರ ಅವಳಿಗೆ ಎಟುಕುವುದಿಲ್ಲ, ಅದನ್ನು ಇಳಿಸಿಕೊಡುವುದು ನನ್ನ ಪಾಲಿನ ಕೆಲಸ.